ವೈರ್‌ಶಾರ್ಕ್ ತೆಗೆದ ಮೇಲೂ ಮೆನುವಿನಲ್ಲಿ ಉಳಿದಿದೆ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಉಬುಂಟು 22.04 ಇರುವ ನನ್ನ ಲ್ಯಾಪ್‌ಟಾಪಿನಲ್ಲಿ ನೆಟ್‌ವರ್ಕ್ ಪ್ರಯೋಗಕ್ಕೆಂದು ‘ಸುಡೊ ಆಪ್ಟ್ ಇನ್‌ಸ್ಟಾಲ್ ವೈರ್‌ಶಾರ್ಕ್’ ಎಂದು ಕೊಟ್ಟು, ನೆಟ್‌ವರ್ಕಿನಲ್ಲಿ ಹರಿಯುವ ಮಾಹಿತಿಯನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ಹಾಕಿಕೊಂಡಿದ್ದೆ. ಸಾಮಾನ್ಯ ಬಳಕೆದಾರರಿಗೂ ಪ್ಯಾಕೆಟ್ (ಆ ಮಾಹಿತಿಯ ತುಣುಕು) ಹಿಡಿಯಲು ಅನುಮತಿ ಬೇಕೆ ಎಂದು ನಡುವೆ ಕೇಳಿದಾಗ, ಅರ್ಥ ಪೂರ್ತಿ ತಿಳಿಯದೆ ‘ಯೆಸ್’ ಒತ್ತಿದೆ. ಈಗ ‘ಸುಡೊ ಆಪ್ಟ್ ರಿಮೂವ್ ವೈರ್‌ಶಾರ್ಕ್’ ಕೊಟ್ಟಿದ್ದೇನೆ. ದೋಷವೇನೂ ಬರಲಿಲ್ಲ, ಆದರೂ ಮೆನುವಿನಲ್ಲಿ ಐಕಾನ್ ಇದೆ, ಒತ್ತಿದರೆ ತೆರೆದುಕೊಳ್ಳುತ್ತದೆ. ಈ ಲ್ಯಾಪ್‌ಟಾಪನ್ನು ಇನ್ನು ಮುಂದೆ ನನ್ನ ತಂಗಿ ಬಳಸಲಿದ್ದಾಳೆ. ಪೂರ್ತಿಯಾಗಿ ತೆಗೆಯುವುದು ಹೇಗೆಂದು ದಯವಿಟ್ಟು ತಿಳಿಸಿ.

ಉತ್ತರ 1:
ನೀವು ತಪ್ಪೇನೂ ಮಾಡಿಲ್ಲ. 22.04ರಲ್ಲಿ ‘ವೈರ್‌ಶಾರ್ಕ್’ ಎಂಬುದು ಬರಿಯ ಮೆಟಾಪ್ಯಾಕೇಜ್. ಅದರೊಳಗೆ ಪ್ರೋಗ್ರಾಂ ಇಲ್ಲ, ಬೇರೆ ಪ್ಯಾಕೇಜುಗಳನ್ನು ಕರೆತರುವುದಷ್ಟೇ ಅದರ ಕೆಲಸ. ನೀವು ನೋಡುವ ಕಿಟಕಿ ‘ವೈರ್‌ಶಾರ್ಕ್-ಕ್ಯೂಟಿ’ಯಲ್ಲಿದೆ, ಪ್ಯಾಕೆಟ್ ಹಿಡಿಯುವ ಡಂಪ್‌ಕ್ಯಾಪ್ ‘ವೈರ್‌ಶಾರ್ಕ್-ಕಾಮನ್’ನಲ್ಲಿದೆ, ಮತ್ತು ಇವೆರಡನ್ನೂ ನೀವಾಗಿ ಕೇಳಿ ಹಾಕಿಸಿಕೊಳ್ಳದ ಕಾರಣ ಆಪ್ಟ್ (ಪ್ರೋಗ್ರಾಂ ಹಾಕುವ, ತೆಗೆಯುವ ಸಾಧನ) ಇವನ್ನು ತಾನಾಗಿ ಬಂದವು ಎಂದು ಗುರುತಿಟ್ಟುಕೊಂಡಿರುತ್ತದೆ. ‘ಸುಡೊ ಆಪ್ಟ್ ಆಟೊರಿಮೂವ್ --ಪರ್ಜ್’ ಕೊಟ್ಟರೆ ಅವು ತಮ್ಮ ಸಂರಚನಾ ಕಡತಗಳ ಸಮೇತ ಹೋಗುತ್ತವೆ. ಆದರೆ ಈ ಆದೇಶ ವೈರ್‌ಶಾರ್ಕಿಗೆ ಸಂಬಂಧಿಸಿದ್ದನ್ನು ಮಾತ್ರವಲ್ಲ, ಯಾರಿಗೂ ಬೇಡವಾಗಿದೆ ಎಂದು ಆಪ್ಟ್ ಭಾವಿಸಿದ ಎಲ್ಲವನ್ನೂ ತೆಗೆಯುತ್ತದೆ. ಆದ್ದರಿಂದ ಮೊದಲು ‘-ಎಸ್’ ಸೇರಿಸಿ ಓಡಿಸಿ, ಏನನ್ನೂ ಅಳಿಸದೆ ತೋರಿಸುವ ಆ ಪಟ್ಟಿಯನ್ನು ಪ್ರತಿ ಸಾಲೂ ಓದಿ. ಉಳಿಸಬೇಕಾದದ್ದು ಕಂಡರೆ ‘ಸುಡೊ ಆಪ್ಟ್-ಮಾರ್ಕ್ ಮ್ಯಾನುಯಲ್’ ಎಂದು ಬರೆದು ಮುಂದೆ ಅದರ ಹೆಸರು ಕೊಡಿ.

ಉತ್ತರ 2:
ಮೇಲಿನ ಉತ್ತರ ಸರಿಯಾಗಿದೆ. ನೀವು ‘ಯೆಸ್’ ಒತ್ತಿದ್ದರಿಂದ ‘ವೈರ್‌ಶಾರ್ಕ್’ ಎಂಬ ಗುಂಪು ಸೃಷ್ಟಿಯಾಗಿ, ಅದರ ಸದಸ್ಯರು ರೂಟ್ (ಪೂರ್ಣ ಅಧಿಕಾರವುಳ್ಳ ಬಳಕೆದಾರ) ಆಗದೆಯೇ ಡಂಪ್‌ಕ್ಯಾಪ್ ಓಡಿಸುವ ಏರ್ಪಾಡಾಗಿರುತ್ತದೆ. ‘ಗೆಟೆಂಟ್ ಗ್ರೂಪ್ ವೈರ್‌ಶಾರ್ಕ್’ ಎಂದು ಕೊಟ್ಟು ಆ ಗುಂಪು ಇದೆಯೇ ನೋಡಿ. ಎಲ್ಲ ಮುಗಿದ ಮೇಲೂ ಗುಂಪು ಉಳಿದಿದ್ದರೆ ‘ಸುಡೊ ಡೆಲ್‌ಗ್ರೂಪ್ ವೈರ್‌ಶಾರ್ಕ್’ ಸಾಕು.

ಪರ್ಜ್ ಎಂದರೂ ಆಪ್ಟ್ ನಿಮ್ಮ ಹೋಮ್ ಫೋಲ್ಡರನ್ನು ಮುಟ್ಟುವುದಿಲ್ಲ ಎಂಬುದನ್ನು ಹಲವರು ಗಮನಿಸುವುದಿಲ್ಲ. ಅಲ್ಲಿ ‘.ಕಾನ್ಫಿಗ್’ ಒಳಗಿನ ವೈರ್‌ಶಾರ್ಕ್ ಫೋಲ್ಡರನ್ನೂ ನೀವು ಉಳಿಸಿಟ್ಟ ಪಿಕ್ಯಾಪ್ ಕಡತಗಳನ್ನೂ (ಹಿಡಿದ ಪ್ಯಾಕೆಟ್‌ಗಳಿರುವ ಕಡತಗಳು) ನೀವೇ ಅಳಿಸಬೇಕು. ಗೂಢಲಿಪೀಕರಣವಿಲ್ಲದ ತಾಣಗಳಿಗೆ ಲಾಗಿನ್ ಆದ ಹೊತ್ತಿನಲ್ಲಿ ಹಿಡಿದ ಕಡತದಲ್ಲಿ ಪಾಸ್‌ವರ್ಡ್ ಯಥಾವತ್ತಾಗಿ ಇರಬಹುದಾದ್ದರಿಂದ, ಯಂತ್ರ ಕೈಬದಲಾಗುವ ಮುನ್ನ ಈ ಕೆಲಸವನ್ನು ಮರೆಯಬೇಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ‘-ಎಸ್’ ಹಾಕಿ ನೋಡಿದಾಗ ಪಟ್ಟಿಯಲ್ಲಿ ವೈರ್‌ಶಾರ್ಕ್-ಕ್ಯೂಟಿ ಇತ್ತು, ವೈರ್‌ಶಾರ್ಕ್-ಕಾಮನ್ ಇರಲಿಲ್ಲ. ಕಳೆದ ತಿಂಗಳು ಟಿಶಾರ್ಕನ್ನು (ವೈರ್‌ಶಾರ್ಕಿನ ಆದೇಶ ಸಾಲಿನ ರೂಪ) ನಾನೇ ಬೇರೆಯಾಗಿ ಹಾಕಿದ್ದು ಆಗ ನೆನಪಾಯಿತು. ಅದಕ್ಕೂ ಕಾಮನ್ ಬೇಕಲ್ಲವೆ? ಟಿಶಾರ್ಕನ್ನು ಪರ್ಜ್ ಮಾಡಿ ಮತ್ತೆ ಆಟೊರಿಮೂವ್ ಓಡಿಸಿದೆ, ಈಗ ಡಂಪ್‌ಕ್ಯಾಪ್ ಕೂಡ ಇಲ್ಲ. ಹೋಮ್ ಫೋಲ್ಡರಿನಲ್ಲಿ ಹನ್ನೊಂದು ಪಿಕ್ಯಾಪ್ ಕಡತಗಳು ಸಿಕ್ಕವು, ಎಲ್ಲವನ್ನೂ ಅಳಿಸಿದ್ದೇನೆ.