ಅರ್ಧ ಮ್ಯಾಚ್ ದಾನಿ: ಜಿವಿಎಚ್‌ಡಿ ತಡೆಯಲು ಏನೇನು ಗಮನಿಸಬೇಕು?

ಪ್ರಶ್ನೆ (ಬದಿಯಡ್ಕ): ಭಾವನಿಗೆ ಎಎಂಎಲ್ ಎಂಬ ರಕ್ತ ಕ್ಯಾನ್ಸರ್. ಎಚ್‌ಎಲ್‌ಎ (ಅಂಗಾಂಶದ ಗುರುತು) ಅರ್ಧ ಮಾತ್ರ ಹೊಂದುವ ಮಗನ ಕಾಂಡಕೋಶ (ರಕ್ತ ಹುಟ್ಟಿಸುವ ಮೂಲಕೋಶ) ಹಾಕುತ್ತಾರಂತೆ. ದಾನಿಯ ಕೋಶ ರೋಗಿಯ ಮೈಮೇಲೇ ಎರಗುವುದನ್ನು, ಅಂದರೆ ಜಿವಿಎಚ್‌ಡಿಯನ್ನು, ಹೇಗೆ ತಡೆಯುತ್ತಾರೆ? ಮನೆಯವರು ಏನು ನೋಡಿಕೊಳ್ಳಬೇಕು?

ಕುಂಬಳೆ, ಕಸಿ ವಾರ್ಡ್ ನರ್ಸ್: ಈಗ ಹೆಚ್ಚಾಗಿ ನಡೆಯುವ ಕ್ರಮದಲ್ಲಿ ಕೋಶ ಹಾಕಿದ 3 ಮತ್ತು 4ನೇ ದಿನ ಸೈಕ್ಲೊಫಾಸ್ಫಮೈಡ್ ಎಂಬ ಕೀಮೋ ಮದ್ದು ಕೊಡುತ್ತಾರೆ, ಕಿಲೋಗೆ 50 ಮಿಲಿಗ್ರಾಂ. 50 ಕಿಲೋ ತೂಕದವರಿಗೆ ದಿನಕ್ಕೆ ಎರಡೂವರೆ ಗ್ರಾಂ ಆಯಿತು. ರೋಗಿಯ ಅಂಗಾಂಶವನ್ನು ಪರಕೀಯವೆಂದು ಕಂಡು ಭರದಿಂದ ಹೆಚ್ಚುತ್ತಿರುವ ದಾನಿಯ ಟಿ ಕೋಶಗಳೇ (ರೋಗನಿರೋಧಕ ಕೋಶಗಳು) ಅದಕ್ಕೆ ಹೆಚ್ಚಾಗಿ ಸಿಕ್ಕಿಬೀಳುವುದು. ಕಾಂಡಕೋಶದಲ್ಲಿ ಈ ಮದ್ದನ್ನು ಒಡೆಯುವ ಕಿಣ್ವ ಧಾರಾಳ ಇರುವುದರಿಂದ ಅದು ಉಳಿಯುತ್ತದೆ.

ಆ ಮೊದಲ ದಿನಗಳಲ್ಲಿ ಜ್ವರ 39 ಡಿಗ್ರಿ ದಾಟುವುದುಂಟು. ಸೋಂಕೆಂದೇ ಹಿಡಿದು ಪರೀಕ್ಷೆ, ಆ್ಯಂಟಿಬಯೋಟಿಕ್ ನಡೆಯುತ್ತದೆ. ಆದರೆ ಜ್ವರ ಇಳಿಸಲೆಂದು ಸ್ಟೀರಾಯ್ಡ್ ಕೊಡುವುದಿಲ್ಲ, ವಾಂತಿ ನಿಲ್ಲಿಸಲೂ ಡೆಕ್ಸಾಮೆಥಾಸೋನ್ ಇಲ್ಲ, ಅದೂ ಸ್ಟೀರಾಯ್ಡೇ. ಟಿ ಕೋಶ ಹೆಚ್ಚುವುದೇ ನಿಂತರೆ ಸೈಕ್ಲೊಫಾಸ್ಫಮೈಡ್‌ಗೆ ಕೊಲ್ಲಲು ಏನೂ ಸಿಗದು. "ಒಂದು ಇಂಜೆಕ್ಷನ್ ಕೊಡಿ ಮಾರ್ರೆ" ಎಂದು ಡ್ಯೂಟಿ ಡಾಕ್ಟರನ್ನು ಒತ್ತಾಯಿಸಬೇಡಿ.

ಸೈಕ್ಲೊಫಾಸ್ಫಮೈಡ್‌ನಿಂದ ಮೂತ್ರಕೋಶ ಕಾಯಲು ಮೆಸ್ನಾ ಎಂಬ ಮದ್ದು, ಜತೆಗೆ ಡ್ರಿಪ್. ಎರಡು ಗಂಟೆಗೊಮ್ಮೆ ಮೂತ್ರ ಮಾಡಿಸಿ. ಕೆಂಪು ಕಂಡರೆ ಆ ಕ್ಷಣವೇ ತಿಳಿಸಿ. ವಾರಗಳ ನಂತರವೂ ಬರಬಹುದು, ಆಗ ಮೂತ್ರಕೋಶಕ್ಕೆ ತಗಲುವ ಬಿಕೆ ವೈರಸ್ ಸಂಶಯ.

ಉಪ್ಪಳ, ಫಾರ್ಮಸಿಸ್ಟ್: 5ನೇ ದಿನದಿಂದ ರೋಗನಿರೋಧಕ ಶಕ್ತಿ ತಗ್ಗಿಸುವ ಟ್ಯಾಕ್ರೊಲಿಮಸ್, ಮೈಕೊಫೆನೊಲೇಟ್. ಎರಡನೆಯದು ಸಾಮಾನ್ಯವಾಗಿ 35ನೇ ದಿನಕ್ಕೆ ಮುಗಿಯುತ್ತದೆ, ಮೊದಲನೆಯದು ತಿಂಗಳುಗಟ್ಟಲೆ. ಜನ ಎಡವುವುದು ರಕ್ತದಲ್ಲಿ ಟ್ಯಾಕ್ರೊಲಿಮಸ್ ಲೆವೆಲ್ ನೋಡುವ ಪರೀಕ್ಷೆಯ ದಿನ. ಬೆಳಗಿನ ಮಾತ್ರೆ ನುಂಗಿ ಮಂಗಳೂರಿಗೆ ರೈಲು ಹತ್ತಿದರೆ ಲೆವೆಲ್ ಸುಳ್ಳು ಏರಿಕೆ ತೋರಿಸುತ್ತದೆ, ಅದನ್ನು ನಂಬಿ ಡೋಸ್ ಇಳಿಸಿದರೆ ಜಿವಿಎಚ್‌ಡಿಗೆ ದಾರಿ. ಮಾತ್ರೆ ಕಿಸೆಯಲ್ಲಿರಲಿ, ರಕ್ತ ಕೊಟ್ಟ ಮೇಲೆ ನುಂಗಿ. ಶಿಲೀಂಧ್ರದ ಮದ್ದು ವೊರಿಕೊನಜೋಲ್ ಶುರು ಮಾಡಿದರೆ ಲೆವೆಲ್ ನಿಜಕ್ಕೂ ಏರುತ್ತದೆ, ಅದನ್ನು ನಿಲ್ಲಿಸಿದಾಗ ಇಳಿಯುತ್ತದೆ. ಎರಡೂ ಸಲ ಡೋಸ್ ಬದಲಿಸಬೇಕು. ಚಕ್ಕೋತ ಬೇಡ.

ಅಮೃತಬಳ್ಳಿ ಕಷಾಯವೂ ಬೇಡ. ಯಕೃತ್ತಿಗೆ ಪೆಟ್ಟಾದರೆ ಕಾಮಾಲೆ ಜಿವಿಎಚ್‌ಡಿಯದೋ ಕಷಾಯದ್ದೋ ಗೊತ್ತಾಗದು.

ಕುಂಬಳೆ, ಮತ್ತೆ: ಮನೆಗೆ ಬಂದ ಮೇಲೆ ಅಂಗೈ, ಅಂಗಾಲು, ಕಿವಿ ಹಿಂಭಾಗದಲ್ಲಿ ದದ್ದು ಎದ್ದಿದೆಯೇ ಎಂದು ದಿನಾ ಬೆಳಕಲ್ಲಿ ನೋಡಿ. ಭೇದಿ ಎಷ್ಟು ಸಲ ಎಂಬುದಕ್ಕಿಂತ ಎಷ್ಟು ಎಂಬುದು ಮುಖ್ಯ. ಗೆರೆ ಇರುವ ಮಗ್ಗಿನಲ್ಲಿ ಅಳೆದು ಬರೆದಿಡಿ, ದಿನಕ್ಕೆ 500 ಮಿಲಿಲೀಟರ್ ದಾಟುವವರೆಗೆ ಕಾಯದೆ ಫೋನ್ ಮಾಡಿ. ಬಿಸಿಲಿಗೆ ಚರ್ಮದ ಜಿವಿಎಚ್‌ಡಿ ಕೆರಳುತ್ತದೆ, ಅಂಗಳಕ್ಕಿಳಿದರೆ ತುಂಬುತೋಳು, ಕೊಡೆ. ಅಡಕೆ ಸುಲಿಯುವ ಕಡೆ ಕೂರಿಸಬೇಡಿ, ಬೂಸ್ಟಿನ ಧೂಳು ಶ್ವಾಸಕೋಶಕ್ಕೆ ಇಳಿಯುತ್ತದೆ.