ಬಾಲ ತುಂಡಾದ ಹಾವು: ಗುದ್ದಲಿ ಏಟು ಬಿದ್ದಿದೆಯಾ?

ತೋಟದಮನೆ (ಕೊಪ್ಪ): ಅಡಿಕೆ ತೋಟದಲ್ಲಿ ಬಸಿಗಾಲುವೆ ತೋಡುವಾಗ ಮಣ್ಣಿನ ಜೊತೆ ಒಂದು ಹಾವು ಮೇಲೆ ಬಂತು. ಗೇಣಿಗಿಂತ ಸ್ವಲ್ಪ ಉದ್ದ, ಬೆರಳು ದಪ್ಪ. ಕಪ್ಪು ಮೈ, ಬಿಸಿಲಿಗೆ ನೀಲಿ-ನೇರಳೆ ಮಿಂಚುತ್ತದೆ. ಪಕ್ಕದಲ್ಲಿ ಹಳದಿ ಕಲೆ. ತಲೆ ಚೂಪು. ಬಾಲ ಮಾತ್ರ ಓರೆಯಾಗಿ ಕಡಿದ ಹಾಗಿದೆ. ಕೆಲಸದವರು ಇರ್ತಲೆ (ಎರಡು ತಲೆಯ ಹಾವು) ಅಂತಾರೆ. ಸದ್ಯ ಬಕೆಟ್‌ನಲ್ಲಿದೆ. ಗಾಯಕ್ಕೆ ಅರಿಶಿನ ಹಚ್ಚಲಾ?

ಮಣ್ಣಿನಡಿ: ಸುಮ್ನೆ ಏನೂ ಹಚ್ಚಬೇಡಿ. ರಕ್ತ ಬಂದಿದೆಯಾ?

ತೋಟದಮನೆ: ಇಲ್ಲ. ತುದಿ ಮುಳ್ಳುಮುಳ್ಳಾಗಿದೆ, ಮಣ್ಣು ಮೆತ್ತಿಕೊಂಡಿದೆ. ನೀರು ಹಾಕಿದರೂ ಪೂರ್ತಿ ಹೋಗಲಿಲ್ಲ.

ಮಣ್ಣಿನಡಿ: ಹಾಗಾದರೆ ಅದು ಗಾಯವೇ ಅಲ್ಲ, ಹುಟ್ಟಿದ್ದೇ ಹಾಗೆ. ಇದು ಶೀಲ್ಡ್‌ಟೇಲ್, ಯುರೋಪೆಲ್ಟಿಡೇ ಕುಟುಂಬದ್ದು. ಭಾರತದ ಪರ್ಯಾಯದ್ವೀಪ ಭಾಗ ಮತ್ತು ಶ್ರೀಲಂಕಾ ಬಿಟ್ಟರೆ ಈ ಕುಟುಂಬ ಬೇರೆಲ್ಲೂ ಇಲ್ಲ. ಬಾಲದ ಗಟ್ಟಿ ಹುರುಪೆಗಳ ಮೇಲೆ ಸಣ್ಣ ಏಣುಗಳಿರುತ್ತವೆ. ಅವಕ್ಕೆ ಹಸಿ ಮಣ್ಣು ಅಂಟುತ್ತದೆ. ಹಿಂದಿನಿಂದ ಯಾರಾದರೂ ಬೆನ್ನಟ್ಟಿದರೆ ಬಿಲಕ್ಕೆ ಅದೇ ಬಿರಡೆ.

ಕೊರೆಯುವ ಕೆಲಸ ಎಲ್ಲ ಮುಂಭಾಗದ್ದು. ಅಲ್ಲಿ ಸ್ನಾಯು ಜಾಸ್ತಿ. ಚರ್ಮದ ಒಳಗೇ ಬೆನ್ನೆಲುಬು ಅಂಕುಡೊಂಕಾಗಿ ಮಡಚಿಕೊಳ್ಳುತ್ತದೆ. ಆ ಜಾಗ ಉಬ್ಬಿ ಬಿಲದ ಗೋಡೆಗೆ ಒತ್ತಿ ನಿಲ್ಲುತ್ತದೆ, ತಲೆ ಮುಂದಕ್ಕೆ ನುಗ್ಗುತ್ತದೆ. ಕಣ್ಣಂತೂ ಚುಕ್ಕೆಯಷ್ಟೇ, ಅದರ ಮೇಲೂ ಹುರುಪೆ.

ಎಲೆಕಸ: ಇರ್ತಲೆಯ ಬಾಲ ಮೊಂಡು, ಆದರೆ ದುಂಡಗೆ. ಅದು ಒಣ ನೆಲದ ಹಾವು, ಇಲಿ ತಿನ್ನುತ್ತದೆ, ಮೀಟರ್ ಹತ್ತಿರ ಬೆಳೆಯುತ್ತದೆ. ಇದಕ್ಕೆ ಬೇಕಾದ್ದು ಎರೆಹುಳ, ತೇವದ ಮಣ್ಣು. ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ.

ತೋಟದಮನೆ: ವಿಷ? ಕೆಲಸದವರು ಕೈಯಲ್ಲೇ ಎತ್ತಿದ್ದರು. ಬೆರಳ ಸಂದಿಗೆ ತಲೆ ತೂರಿಸುತ್ತಿತ್ತು.

ಮಣ್ಣಿನಡಿ: ಶೀಲ್ಡ್‌ಟೇಲ್‌ಗೆ ವಿಷ ಇಲ್ಲ. ತಲೆ ತೂರಿಸಿದ್ದು ಒಳಗೆ ಹೋಗಲು ಜಾಗ ಹುಡುಕಿ. ಆದರೆ ಗುರುತು ಗಟ್ಟಿಯಾಗದೆ ಯಾವ ಹಾವನ್ನೂ ಎತ್ತಬಾರದು ಅಂತ ಅವರಿಗೆ ಹೇಳಿ. ಹವಳದ ಹಾವೂ ಇಂಥದೇ ಜಾಗದಲ್ಲಿ ಸಿಗುತ್ತದೆ, ಅದಕ್ಕೆ ವಿಷ ಇದೆ. ಬಕೆಟ್ ಕಾದರೆ ಇದು ಉಳಿಯುವುದಿಲ್ಲ. ಸಿಕ್ಕಿದ ಕಡೆಯೇ, ಅಗೆತ ಮುಗಿದ ಜಾಗದಲ್ಲಿ, ನೆರಳಿಗೆ ಬಿಡಿ.

ತೋಟದಮನೆ: ಬಿಟ್ಟಾಯ್ತು. ಬಾಲದ ಫೋಟೋ ಒಂದೇ ಸರಿಯಾಗಿ ಬಂದಿದೆ, ಹಾಕಿದ್ದೇನೆ. ಯಾವ ಜಾತಿ ಅಂತ ಹೇಳಬಹುದಾ?

ಮಣ್ಣಿನಡಿ: ಓರೆ, ಚಪ್ಪಟೆ ತಟ್ಟೆ ಕಾಣುತ್ತಿದೆ. ಶೀಲ್ಡ್‌ಟೇಲ್‌ಗಳಲ್ಲಿ ಯುರೋಪೆಲ್ಟಿಸ್ ಎಂಬ ಕುಲದ್ದು ಇರಬೇಕು. ಜಾತಿ ಹೇಳಲು ತಲೆಯ ಹುರುಪೆ ಕಾಣಬೇಕು, ಹೊಟ್ಟೆಯ ಹುರುಪೆ ಎಣಿಸಬೇಕು. ಮತ್ತೆ ಕಂಡರೆ ಮೇಲಿನಿಂದ, ಪಕ್ಕದಿಂದ ತಲೆಯ ಫೋಟೋ ತೆಗೆಯಿರಿ.