‘ಎಲ್ಲಾ ಕಡೆ ಒಂದೇ’ ಅಂದರೆ ಎಲ್ಲಾ ಜಾಗವೋ, ಎಲ್ಲಾ ದಿಕ್ಕೋ?

ಎಲ್ಲರಿಗೂ ನಮಸ್ಕಾರ. ಕೊಪ್ಪಳದಿಂದ ಬರೆಯುತ್ತಿದ್ದೇನೆ. ಪಿಯುಸಿ ಮಕ್ಕಳಿಗೆ ಬ್ರಹ್ಮಾಂಡದ ಬಗ್ಗೆ ಒಂದು ಪಾಠ ಬರೆಯುವ ಕೆಲಸದಲ್ಲಿದ್ದೇನೆ. ಐಸೋಟ್ರೋಪಿಕ್ (ಎಲ್ಲಾ ದಿಕ್ಕಿಗೂ ಒಂದೇ ಥರ ಇರುವುದು), ಹೋಮೋಜೀನಿಯಸ್ (ಎಲ್ಲಾ ಜಾಗದಲ್ಲೂ ಒಂದೇ ಥರ ಇರುವುದು) ಎಂಬ ಎರಡು ಪದಗಳಿಗೆ ಒಳ್ಳೆಯ ಕನ್ನಡ ಬೇಕಾಗಿದೆ.

‘ಬ್ರಹ್ಮಾಂಡ ಎಲ್ಲಾ ಕಡೆ ಒಂದೇ ನಮೂನಿ ಇದೆ’ ಎಂದು ಹೇಳಿದರೆ ನಮ್ಮ ಮಕ್ಕಳಿಗೆ ತಟ್ಟನೆ ತಿಳಿಯುತ್ತದೆ. ಆದರೆ ಏನು ತಿಳಿಯುತ್ತದೆ? ‘ಕುಷ್ಟಗಿ ಕಡೆ ಮಳೆ ಜೋರು’ ಅಂದಾಗ ‘ಕಡೆ’ ಜಾಗ. ‘ಯಾವ ಕಡೆ ಹೊರಟಿರಿ?’ ಅಂದಾಗ ಅದೇ ‘ಕಡೆ’ ದಿಕ್ಕು. ದಿನದ ಮಾತಿಗೆ ಇದರಿಂದ ಏನೂ ತೊಂದರೆ ಇಲ್ಲ. ಇಲ್ಲಿ ಮಾತ್ರ ಪಾಠದ ಜೀವಾಳವೇ ಹೋಗುತ್ತದೆ. ದಿಕ್ಕುಗಳೆಲ್ಲ ಒಂದೇ ಅನ್ನುವುದು ಕಣ್ಣಾರೆ ಕಂಡದ್ದು, ಜಾಗಗಳೆಲ್ಲ ಒಂದೇ ಅನ್ನುವುದು ಊಹಿಸಿದ್ದು.

ನಾವು ನೋಡುತ್ತಿರುವುದು ಒಂದೇ ಜಾಗದಿಂದ, ಅಲ್ವಾ? ಇಲ್ಲಿ ನಿಂತು ದಿಕ್ಕುಗಳನ್ನು ಹೋಲಿಸಬಹುದು. ಬರಿಗಣ್ಣಿಗೆ ಆಕಾಶ ಒಂದೇ ಥರ ಇಲ್ಲ. ಧನು ರಾಶಿಯ ಕಡೆ ಆಕಾಶಗಂಗೆ ದಟ್ಟವಾಗಿದೆ, ಬೇರೆ ದಿಕ್ಕಿನಲ್ಲಿ ತೆಳು. ಅದು ನಮ್ಮದೇ ಗ್ಯಾಲಕ್ಸಿಯ ಮಾತಾಯಿತು. ಕೋಟ್ಯಂತರ ಜ್ಯೋತಿರ್ವರ್ಷಗಳ ಅಳತೆಗೆ ಹೋದಾಗ ಮಾತ್ರ ವ್ಯತ್ಯಾಸ ಅಳಿಸುತ್ತಾ ಬರುತ್ತದೆ. ಇದಕ್ಕೆ ಗಟ್ಟಿ ಸಾಕ್ಷಿ, 1965ರಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಎಂಬ ವಿಜ್ಞಾನಿಗಳು ಪ್ರಕಟಿಸಿದ ಮೈಕ್ರೋವೇವ್ ಹಿನ್ನೆಲೆ ವಿಕಿರಣ, ಅಂದರೆ ಬ್ರಹ್ಮಾಂಡದ ಎಳೆಯ ದಿನಗಳಿಂದ ಉಳಿದು ಇಡೀ ಆಕಾಶ ತುಂಬಿರುವ ಮಂದ ವಿಕಿರಣ. ಎತ್ತ ತಿರುಗಿದರೂ ಅದರ ತಾಪ ಸುಮಾರು 2.7 ಕೆಲ್ವಿನ್. ಸಿಂಹ ರಾಶಿಯ ದಿಕ್ಕಿನಲ್ಲಿ ಸಾವಿರಕ್ಕೊಂದು ಪಾಲಿನಷ್ಟು ಜಾಸ್ತಿ, ಎದುರು ದಿಕ್ಕಿನಲ್ಲಿ ಅಷ್ಟೇ ಕಡಿಮೆ. ಸೌರಮಂಡಲ ಸೆಕೆಂಡಿಗೆ ಸುಮಾರು 370 ಕಿಲೋಮೀಟರ್ ವೇಗದಲ್ಲಿ ಆ ದಿಕ್ಕಿಗೆ ಓಡುತ್ತಿರುವುದೇ ಕಾರಣ. ಅದನ್ನು ಕಳೆದರೆ ಉಳಿಯುವ ಏರಿಳಿತ ಲಕ್ಷಕ್ಕೊಂದು ಪಾಲು. ಕೋಬೆ ಉಪಗ್ರಹ ಅದನ್ನು ಹಿಡಿದದ್ದನ್ನು 1992ರಲ್ಲಿ ಪ್ರಕಟಿಸಿದರು.

ಇದಿಷ್ಟು ದಿಕ್ಕಿನ ಮಾತು. ಬ್ರಹ್ಮಾಂಡದ ಬೇರೆ ಜಾಗಗಳೂ ಇಲ್ಲಿಯಂತೆಯೇ ಇವೆ ಎನ್ನಲು ನಮ್ಮ ಜಾಗಕ್ಕೆ ಏನೂ ವಿಶೇಷವಿಲ್ಲ ಎಂದು ಒಪ್ಪಬೇಕು. ಒಪ್ಪಿದರೆ, ಎಲ್ಲಿ ನಿಂತರೂ ದಿಕ್ಕುಗಳೆಲ್ಲ ಒಂದೇ. ಆಗ ಜಾಗಗಳೂ ಒಂದೇ ಆಗಲೇಬೇಕು. ಜಾಗಗಳು ಒಂದೇ ಆದರೆ ದಿಕ್ಕುಗಳೂ ಒಂದೇ ಎಂದು ತಿರುಗಿಸಿ ಹೇಳಿದರೆ ನಿಲ್ಲುವುದಿಲ್ಲ. ನಮ್ಮ ಜಿಲ್ಲೆಯ ಗ್ರಾನೈಟನ್ನೇ ನೋಡಿ. ದಿಮ್ಮಿಯ ಯಾವ ಮೂಲೆಯಿಂದ ಚೂರು ತೆಗೆದರೂ ಕಲ್ಲು ಒಂದೇ. ಆದರೆ ಒಂದು ದಿಕ್ಕಿಗೆ ಸಲೀಸಾಗಿ ಸೀಳುತ್ತದೆ, ಇನ್ನೊಂದಕ್ಕೆ ಜಗ್ಗುವುದಿಲ್ಲ. ಅದಕ್ಕೇ ಕೆಲಸಗಾರರು ಎಳೆ ನೋಡಿ ಬೆಣೆ ಹೊಡೆಯುತ್ತಾರೆ. ಜಾಗದಿಂದ ಜಾಗಕ್ಕೆ ಭೇದವಿಲ್ಲ, ದಿಕ್ಕಿನಿಂದ ದಿಕ್ಕಿಗೆ ಇದೆ.

ಇನ್ನು ಪದಗಳು. ‘ಸಮರೂಪ’ ಬೇಡ. ಸಮರೂಪ ತ್ರಿಭುಜ ಕಲಿತ ಮಕ್ಕಳಿಗೆ ಅದು ಬೇರೆಯೇ ಅರ್ಥ. ‘ಏಕರೂಪ’ ಪರವಾಗಿಲ್ಲ, ಆದರೆ ಎರಡೂ ಪದಗಳಿಗೆ ಹೊಂದಿಬಿಡುತ್ತದೆ. ‘ಸಮದೈಶಿಕ’ ಎಂದು ಕಟ್ಟಬಹುದು. ‘ದೈಶಿಕ’ ಕೇಳಿದ ಕೂಡಲೇ ದೇಶ ನೆನಪಾಗುತ್ತದೆ, ದೇಶ ಅಂದರೆ ಮತ್ತೆ ಜಾಗವೇ. ‘ದೆಸೆ’ ನನಗೆ ತುಂಬಾ ಇಷ್ಟದ ಪದ. ಆದರೆ ‘ನಿಮ್ಮ ದೆಸೆಯಿಂದ’, ‘ಒಳ್ಳೆ ದೆಸೆ ಬಂತು’ ಎಂಬ ಬಳಕೆಗಳೇ ಈಗ ಮುಂದೆ ನಿಲ್ಲುತ್ತವೆ.

ನನಗೆ ಹೊಳೆದದ್ದು ‘ಭೇದ’ ಇಟ್ಟು ಕಟ್ಟುವುದು. ಪಂಕ್ತಿಭೇದ, ಜಾತಿಭೇದ ಎಲ್ಲರ ಬಾಯಲ್ಲೂ ಇವೆ. ಹಾಗೆಯೇ ‘ದಿಕ್ಕುಭೇದ’, ‘ಜಾಗಭೇದ’. ದಿಕ್ಕುಭೇದವಿಲ್ಲದ್ದು ಐಸೋಟ್ರೋಪಿಕ್, ಜಾಗಭೇದವಿಲ್ಲದ್ದು ಹೋಮೋಜೀನಿಯಸ್. ಇನ್ನೊಂದು ಅನುಕೂಲವಿದೆ. ಹಿನ್ನೆಲೆ ವಿಕಿರಣದ ಆ ಲಕ್ಷಕ್ಕೊಂದು ಪಾಲಿನ ಏರಿಳಿತಕ್ಕೆ ಬೇರೆ ಪದ ಹುಡುಕಬೇಕಿಲ್ಲ. ಸುಮ್ನೆ ದಿಕ್ಕುಭೇದ ಅಂದರಾಯಿತು. ಮುಂದೆ ಗ್ಯಾಲಕ್ಸಿಗಳಾಗಿ ಬೆಳೆದದ್ದು ಅದೇ ಏರಿಳಿತವಾದ್ದರಿಂದ ಪಾಠದಲ್ಲಿ ಆ ಪದ ಮತ್ತೆ ಮತ್ತೆ ಬರುತ್ತದೆ.

ವ್ಯಾಕರಣ ಬಲ್ಲವರು ಹೇಳಿ: ‘ದಿಗ್ಭೇದ’ ಎನ್ನುವುದೇ ಸರಿಯೇ? ನನ್ನ ಕಿವಿಗೆ ‘ದಿಕ್ಕುಭೇದ’ವೇ ಹಿತ. ‘ಜಾಗಭೇದ’ಕ್ಕಿಂತ ‘ಎಡೆಭೇದ’ ಚೆಂದ ಅನ್ನುವವರೂ ಇರಬಹುದು. ಆದರೆ ಇಲ್ಲಿ ಎಡೆ ಅಂದರೆ ಮೊದಲು ದೇವರ ಮುಂದಿನ ಎಡೆ. ಕಲ್ಲು, ಮರ, ನೇಯ್ಗೆ ಕೆಲಸದವರ ಜೊತೆ ಒಡನಾಟ ಇರುವವರು, ಒಂದು ದಿಕ್ಕಿಗೆ ಒಂದು ಗುಣ ಇರುವುದಕ್ಕೆ ‘ಎಳೆ’ ಬಿಟ್ಟು ಬೇರೆ ಮಾತು ಕೇಳಿದ್ದರೆ ಅದನ್ನೂ ಊರಿನ ಹೆಸರಿನ ಜೊತೆ ಬರೆಯಿರಿ.